ಜಾತ್ರೆಯ ಮಾಳದಲ್ಲಿ ಮೇವಿನ ಮೀಮಾಂಸೆ

ಪಶು ಆಹಾರ ತಯಾರಕರ ಅಖಿಲ ಭಾರತ ಸಂಘವು 1967ರಲ್ಲಿ ಹುಟ್ಟಿ, ಮುಂಬಯಿಯನ್ನು ಕೇಂದ್ರವಾಗಿಟ್ಟುಕೊಂಡು, ವರ್ಷಕ್ಕೊಮ್ಮೆ ಯಾವುದಾದರೊಂದು ದೊಡ್ಡ ಊರಿನಲ್ಲಿ ನೆರೆದು, ಮೆಕ್ಕೆಜೋಳದ ಧಾರಣೆಯನ್ನೂ ಸೋಯಾ ಹಿಂಡಿಯ ಪೂರೈಕೆಯನ್ನೂ ಕುರಿತು ವಿಚಾರವಿನಿಮಯ ನಡೆಸುವುದು ವಾಣಿಜ್ಯಪುಟಗಳನ್ನು ಓದುವವರಿಗೆ ತಿಳಿದ ಸಂಗತಿಯೇ. ತುಮಕೂರು ಸೀಮೆಯ ರೈತನಿಗಾದರೋ ಆಹ್ವಾನಪತ್ರಿಕೆಯ ಹಂಗಿಲ್ಲದ ಮತ್ತೊಂದು ಸಮ್ಮೇಳನವುಂಟು: ಮಹಾಶಿವರಾತ್ರಿಯ ಆಸುಪಾಸಿನಲ್ಲಿ ಸಿದ್ಧಗಂಗೆಯ ಬೆಟ್ಟದ ಮಗ್ಗುಲಿಗೆ ಕೂಡುವ ದನಗಳ ಜಾತ್ರೆ.

ಅಲ್ಲಿ ಮಾರಾಟಕ್ಕೆ ನಿಲ್ಲುವುದು ಹಳ್ಳಿಕಾರ್ ಹೋರಿಗಳ ಜೋಡಿಗಳಾದರೂ ಪರೀಕ್ಷೆಗೆ ಒಳಗಾಗುವುದು, ಸೂಕ್ಷ್ಮವಾಗಿ ನೋಡಿದರೆ, ಅವು ತಿಂದು ಬೆಳೆದ ಮೇವು. ಕೊಳ್ಳುವವನು ತುಟಿಯನ್ನೆತ್ತಿ ಹಲ್ಲನ್ನೆಣಿಸುವನು. ಎರಡು ಹಲ್ಲೋ, ನಾಲ್ಕೋ, ಬಾಯಿಗೂಡಿದೆಯೋ ಎಂಬುದು ತಿಳಿದ ಮೇಲೆ ಬೆನ್ನಮೇಲೆ ಅಂಗೈಯಾಡಿಸಿ ತೊಗಲಿನ ಸಡಿಲವನ್ನು ಹಿಡಿದು ನೋಡುವನು. ಕಾಲ ಬಳಿ ಬಿದ್ದ ಸಗಣಿಯನ್ನು ಓರೆಗಣ್ಣಿನಿಂದ ಗಮನಿಸುವನು. ಸಗಣಿ ನೀರಾಗಿ, ಅದರೊಳಗೆ ಜೀರ್ಣಿಸದ ಕಾಳು ಕಂಡಿತೆಂದರೆ, ಜಾತ್ರೆಗೆಂದೇ ಅವಸರದಲ್ಲಿ ಕಾಳು ತುರುಕಿ ಮೈ ತುಂಬಿಸಿದ್ದಾರೆಂಬ ಸಂಶಯ ಹುಟ್ಟದಿರದು. ಇಷ್ಟಾದ ಬಳಿಕವೇ ಟವೆಲ್ಲಿನ ಮರೆಯಲ್ಲಿ ದಳ್ಳಾಳಿಯ ಬೆರಳುಗಳು ಬೆಲೆಯನ್ನು ಆಡುವುದು.

ಈ ವಿದ್ಯೆಯ ಮೂಲ ಮನೆಯ ಕೊಟ್ಟಿಗೆಯಲ್ಲಿತ್ತು. ಬಣವೆಯ ರಾಗಿಹುಲ್ಲು, ಬೇಯಿಸಿದ ಹುರುಳಿ, ರಾತ್ರಿ ನೆನೆಹಾಕಿದ ಕಡಲೆಕಾಯಿ ಹಿಂಡಿ, ಅಡುಗೆಮನೆಯಿಂದ ಬಾನಿಗೆ ಬೀಳುವ ಕಲಗಚ್ಚು, ಇವುಗಳ ಪ್ರಮಾಣವನ್ನು ಮನೆಯ ಹೆಂಗಸರು ಕೈಯಳತೆಯಿಂದಲೇ ನಿರ್ಣಯಿಸುತ್ತಿದ್ದರು. ಭತ್ತದ ಹುಲ್ಲಿಗಿಂತ ರಾಗಿಹುಲ್ಲು ಶ್ರೇಷ್ಠವೆಂಬ ಅವರ ನಂಬಿಕೆಯನ್ನು ಪಶುವಿಜ್ಞಾನವೂ ಅನುಮೋದಿಸಿದೆ: ಭತ್ತದ ಹುಲ್ಲಿನಲ್ಲಿ ಸಿಲಿಕಾ ಮತ್ತು ಆಕ್ಸಲೇಟುಗಳು ಅಧಿಕ, ರಾಗಿಹುಲ್ಲಿನಲ್ಲಿ ಸುಣ್ಣದಂಶ ಹೆಚ್ಚು.

ಮಿಶ್ರತಳಿಯ ಹಸುಗಳು ಬಂದ ಮೇಲೆ ಈ ಕೈಯಳತೆ ಸಾಲದಾಯಿತು. 1974ರಲ್ಲಿ ವಿಶ್ವಬ್ಯಾಂಕಿನ ನೆರವಿನಿಂದ ರಾಜ್ಯದಲ್ಲಿ ಆರಂಭವಾದ ಹೈನು ಅಭಿವೃದ್ಧಿ ಯೋಜನೆಯೂ, ಅದನ್ನು ನಡೆಸುತ್ತಿದ್ದ ಸಂಸ್ಥೆಯೇ 1984ರಲ್ಲಿ ರೂಪಾಂತರ ಹೊಂದಿ ಆದ ಕರ್ನಾಟಕ ಹಾಲು ಮಹಾಮಂಡಳವೂ ಹಾಲನ್ನು ಕೊಳ್ಳುವುದರ ಜೊತೆಗೆ ಆಹಾರವನ್ನು ಒದಗಿಸುವ ಹೊಣೆಯನ್ನೂ ಹೊತ್ತವು. ಮಹಾಮಂಡಳದ ಪಶು ಆಹಾರ ಘಟಕಗಳಲ್ಲೊಂದು ಗುಬ್ಬಿಯಲ್ಲಿದೆ. ನಾಟಕದ ವೀರಣ್ಣನವರಿಂದ ಹೆಸರಾದ ಊರಿಗೆ ಹಿಂಡಿ, ತೌಡು, ಮೆಕ್ಕೆಜೋಳಗಳ ಲಾರಿಗಳೂ ಬರತೊಡಗಿದವೆಂದರೆ ರಸಿಕರು ಮುನಿಯಬಾರದು! ಕಚ್ಚಾವಸ್ತುಗಳನ್ನು ಪುಡಿಮಾಡಿ, ಖನಿಜಮಿಶ್ರಣವನ್ನೂ ಕಾಕಂಬಿಯನ್ನೂ ಬೆರೆಸಿ, ಆವಿಯಲ್ಲಿ ಹದಗೊಳಿಸಿ, ಅಚ್ಚಿನ ರಂಧ್ರಗಳಿಂದ ಒತ್ತಿದರೆ ಬೆರಳುಗಾತ್ರಕ್ಕೂ ಕಿರಿದಾದ ಗುಳಿಗೆಗಳಾಗುವುವು. ದನವು ತನಗೆ ರುಚಿಸಿದ್ದನ್ನು ಆರಿಸಿ ಉಳಿದುದನ್ನು ಗೊಂತಿನಲ್ಲಿಯೇ ಬಿಡುವ ಉಪಾಯ ಇದರಿಂದ ತಪ್ಪಿತು.

ಕುಣಿಗಲ್ಲಿನ ಕಥೆ ಬೇರೆ. ಟಿಪ್ಪುವಿನ ಕಾಲದಿಂದ ಹೆಸರಾದ ಅಲ್ಲಿಯ ಕುದುರೆ ಫಾರಂ ಮೊದಲು ಸೈನ್ಯಕ್ಕಾಗಿ, ಅನಂತರ ಜೂಜಿನ ಮೈದಾನಕ್ಕಾಗಿ ಕುದುರೆಗಳನ್ನು ಸಾಕಿತು. ಕುದುರೆಯ ಹೊಟ್ಟೆ ಹಸುವಿನದರಂತೆ ನಾಲ್ಕು ಕೋಣೆಗಳದಲ್ಲ. ಮೆಲುಕಿನ ಸೌಲಭ್ಯವೂ ಅದಕ್ಕಿಲ್ಲ. ಹಸು ಬಳಸಿಕೊಳ್ಳಬಲ್ಲ ಯೂರಿಯಾ ಕುದುರೆಗೆ ಅಷ್ಟಾಗಿ ಉಪಯೋಗಕ್ಕೆ ಬಾರದು. ಒಂದೇ ಜಿಲ್ಲೆಯ ಎರಡು ಊರುಗಳಲ್ಲಿ ಮೇವಿನ ಶಾಸ್ತ್ರವೇ ಹೀಗೆ ಕವಲೊಡೆದಿದೆ.

ಹಾಲಿನ ಉತ್ಪಾದನಾ ವೆಚ್ಚದಲ್ಲಿ ಅರ್ಧಕ್ಕಿಂತ ಹೆಚ್ಚಿನ ಭಾಗ ಮೇವು ಮತ್ತು ಹಿಂಡಿಗೇ ಹೋಗುವುದರಿಂದ, ಚೀಲದ ಬೆಲೆ ಏರಿದಾಗ ಡೇರಿಯ ಮುಂದೆ ಕ್ಯಾನು ಹಿಡಿದು ನಿಂತವರ ಮಾತೆಲ್ಲ ಅದೇ ಆಗಿರುತ್ತದೆ. ಮೈಯ ಪಾಲನೆಗೆ ಕೊಡುವುದಲ್ಲದೆ, ಹಸು ಕರೆಯುವ ಪ್ರತಿ 2.5 ಲೀಟರ್ ಹಾಲಿಗೆ ಸುಮಾರು 1 ಕೆ.ಜಿ. ಸಮತೋಲ ಆಹಾರ ಹೆಚ್ಚುವರಿಯಾಗಿ ಬೇಕೆಂಬ ಸರಳ ಸೂತ್ರವನ್ನು ಮೀರಿ ಹಾಕಿದ ಹಿಂಡಿ ದಂಡ. ಕಡಮೆಯಾದರೆ ಹಸುವೇ ಸೊರಗುವುದು.

ಆದುದರಿಂದ ಉದ್ಯಮದ ವಾರ್ಷಿಕ ಸಭೆಯನ್ನು ಒಂದು ಸಲವಾದರೂ ಸಿದ್ಧಗಂಗೆಯ ಮಾಳದಲ್ಲಿ ನಡೆಸಬೇಕೆಂಬುದು ನನ್ನ ಅಭಿಪ್ರಾಯ. ಚೀಲದ ಮೇಲೆ ಅಚ್ಚಾದ ಪ್ರೋಟೀನಿನ ಶೇಕಡಾ ಪ್ರಮಾಣವನ್ನು ಓದುವ ಬಗೆಯನ್ನು ತಯಾರಕರು ಅಲ್ಲಿ ವಿವರಿಸಲಿ. ಹಿಡಿ ಆಹಾರವನ್ನು ಗಾಜಿನ ಲೋಟದ ನೀರಿಗೆ ಹಾಕಿ ಕಲಕಿದರೆ ಮರಳು ತಳ ಸೇರುವುದು, ಹೊಟ್ಟು ಮೇಲೆ ತೇಲುವುದು. ಆ ಪರೀಕ್ಷೆಯನ್ನು ಸಭಿಕರೆದುರಿಗೇ, ಸಭಿಕರು ಆರಿಸಿದ ಚೀಲದಿಂದಲೇ ಮಾಡಲಿ.