ಅಕ್ಷರಕ್ಕೆ ಮೊದಲು ಆಟ, ಮಾತು, ನಿದ್ರೆ

'ಮಗುವಿಗೆ ನಾಲ್ಕು ವರ್ಷ ತುಂಬಿತು, ಇನ್ನೂ ಅ ಆ ಬರೆಯುತ್ತಿಲ್ಲ. ಬುದ್ಧಿ ಚುರುಕಾಗಲು ಏನಾದರೂ ಔಷಧ ಕೊಡಿ' ಎಂದು ಕೇಳುವ ತಂದೆತಾಯಿಗಳನ್ನು ನಮ್ಮ ಚಿಕಿತ್ಸಾಲಯದಲ್ಲಿ ನಾವು ಆಗಾಗ ಕಾಣುತ್ತೇವೆ. ಇಂತಹ ಮಕ್ಕಳಲ್ಲಿ ಬಹುಪಾಲಿನವರಿಗೆ ಔಷಧದ ಅವಶ್ಯಕತೆಯೇ ಇರುವುದಿಲ್ಲ. ಮೂರರಿಂದ ಆರು ವರ್ಷದ ಮಗುವಿಗೆ ಬೇಕಾದುದು ಆಟ, ಮಾತು ಮತ್ತು ನಿದ್ರೆ. ಈ ಮೂರೂ ಮನೆಯಲ್ಲಿಯೇ ದೊರೆಯತಕ್ಕವು.

ಶಾಸ್ತ್ರದ ಮಾತು

ಆಯುರ್ವೇದದ ಎಂಟು ಅಂಗಗಳಲ್ಲಿ ಕೌಮಾರಭೃತ್ಯವೂ ಒಂದು. ಮಗುವಿನ ಆಟಿಕೆಗಳು ಹೇಗಿರಬೇಕೆಂಬುದನ್ನು ಚರಕ ಸಂಹಿತೆಯ ಶಾರೀರಸ್ಥಾನದ 8ನೆಯ ಅಧ್ಯಾಯ ವಿವರಿಸುತ್ತದೆ. ಅವು ಚಿತ್ರವಿಚಿತ್ರವಾಗಿ, ಧ್ವನಿ ಮಾಡುವಂತೆ, ಹಗುರವಾಗಿ ಇರಬೇಕು. ಚೂಪಾದ ತುದಿ ಇರಬಾರದು, ಬಾಯಿಯೊಳಗೆ ಹೋಗುವಂತಿರಬಾರದು, ಮಗುವನ್ನು ಹೆದರಿಸುವಂತಿರಬಾರದು. ಅಳುವ ಅಥವಾ ಉಣ್ಣದ ಮಗುವನ್ನು ರಾಕ್ಷಸ, ಪಿಶಾಚಿಗಳ ಹೆಸರು ಹೇಳಿ ಬೆದರಿಸಬಾರದೆಂದೂ ಅಲ್ಲಿಯೇ ಹೇಳಿದೆ. ಇಂದು ಗುಮ್ಮನ ಸ್ಥಾನದಲ್ಲಿ 'ಟೀಚರ್ ಹೊಡೆಯುತ್ತಾರೆ' ಎಂಬ ಮಾತು ಬಂದಿದೆ. ಹೆದರಿದ ಮಗುವಿನ ಮನಸ್ಸು ಪಾಠದಲ್ಲಿ ನಿಲ್ಲದು.

ಕೈಗೆ ಕೆಲಸ

ನಮ್ಮ ಮಣಿಕಟ್ಟಿನಲ್ಲಿ 8 ಚಿಕ್ಕ ಎಲುಬುಗಳಿವೆ. ನಾಲ್ಕು ವರ್ಷದ ಮಗುವಿನಲ್ಲಿ ಇವುಗಳಲ್ಲಿ ಹಲವು ಇನ್ನೂ ಮೃದ್ವಸ್ಥಿಯಾಗಿಯೇ ಇರುತ್ತವೆ. ಬೆರಳುಗಳ ಹತೋಟಿಯೂ ನಿಧಾನವಾಗಿ ಬರುತ್ತದೆ. ಈ ವಯಸ್ಸಿನಲ್ಲಿ ಪುಟಗಟ್ಟಲೆ ಬರೆಯಿಸಿದರೆ ಕೈ ನೋಯುತ್ತದೆ, ಕಲಿಕೆಯ ಮೇಲೆ ಬೇಸರ ಹುಟ್ಟುತ್ತದೆ. ಬದಲಾಗಿ ಹಿಟ್ಟು ನಾದುವಾಗ ಮಗುವಿಗೂ ಒಂದು ಉಂಡೆ ಕೊಡಿ. ಅವರೆಕಾಯಿ ಸುಲಿಯುವುದು, ಒಗೆದ ಬಟ್ಟೆ ಮಡಚುವುದು, ಮರಳಿನ ಮೇಲೆ ಬೆರಳಿನಿಂದ ಗೆರೆ ಎಳೆಯುವುದು ಇವೆಲ್ಲ ಮುಂದೆ ಪೆನ್ಸಿಲ್ ಹಿಡಿಯಲು ಕೈಯನ್ನು ಸಿದ್ಧಗೊಳಿಸುತ್ತವೆ.

ಲೆಕ್ಕವೂ ಹಾಗೆಯೇ. ನೂರರವರೆಗೆ ಬಾಯಿಪಾಠ ಒಪ್ಪಿಸುವ ಮಗು ಐದು ಲೋಟ ತಂದಿಡಲು ತಡವರಿಸುವುದುಂಟು. 'ಊಟಕ್ಕೆ ಎಷ್ಟು ಜನ ಇದ್ದೇವೆ, ಎಷ್ಟು ತಟ್ಟೆ ಬೇಕು?' ಎಂದು ದಿನವೂ ಕೇಳಿರಿ. ಕಾಳು, ಮಣಿ, ಶೇಂಗಾ ಬೀಜಗಳೊಂದಿಗೆ ಮಾತ್ರ ಮಗುವನ್ನು ಒಂಟಿಯಾಗಿ ಬಿಡಬೇಡಿ. ಅವು ಮೂಗು, ಕಿವಿ ಅಥವಾ ಶ್ವಾಸನಾಳವನ್ನು ಸೇರಿದರೆ ಅಪಾಯ.

ಮನೆಮಾತು

ಮಗು ಯೋಚಿಸುವುದು ಮನೆಯ ಭಾಷೆಯಲ್ಲಿ. ಸಾಧ್ಯವಾದಲ್ಲೆಲ್ಲ ಕನಿಷ್ಠ 5ನೆಯ ತರಗತಿಯವರೆಗೆ ಮನೆಮಾತು ಅಥವಾ ಮಾತೃಭಾಷೆಯಲ್ಲಿ ಬೋಧನೆ ನಡೆಯಲೆಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಹೇಳುತ್ತದೆ. ಅಜ್ಜ ಅಜ್ಜಿಯರು ಒಂದೇ ಕಥೆಯನ್ನು ಹತ್ತು ಸಲ ಹೇಳಲಿ, ನಡುವೆ ನಿಲ್ಲಿಸಿ 'ಮುಂದೇನಾಯಿತು?' ಎಂದು ಕೇಳಲಿ. ನೆನಪಿಗೆ ಇದಕ್ಕಿಂತ ಒಳ್ಳೆಯ ಅಭ್ಯಾಸವಿಲ್ಲ.

ನಿದ್ರೆ ಮತ್ತು ಪರದೆ

ಮೂರು, ನಾಲ್ಕು ವರ್ಷದ ಮಗುವಿಗೆ ದಿನಕ್ಕೆ 10ರಿಂದ 13 ಗಂಟೆ ನಿದ್ರೆ ಮತ್ತು ಕನಿಷ್ಠ 3 ಗಂಟೆ ಓಡಾಟ ಬೇಕು. ಟಿವಿ, ಮೊಬೈಲ್ 1 ಗಂಟೆ ಮೀರಬಾರದು. ಇದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ನೀಡಿದ ಸಲಹೆ. ಹಿರಿಯರ ಧಾರಾವಾಹಿ ಮುಗಿಯುವವರೆಗೆ ಎಚ್ಚರವಿದ್ದು, ಬೆಳಿಗ್ಗೆ ಶಾಲೆಯ ವಾಹನಕ್ಕಾಗಿ ಬೇಗ ಏಳುವ ಮಗುವಿಗೆ ಈ ನಿದ್ರೆ ದೊರೆಯದು. ತರಗತಿಯಲ್ಲಿ ಅದು ತೂಕಡಿಸಿದರೆ ಮಂದಬುದ್ಧಿಯೆಂದು ಹೇಳುವುದು ಅನ್ಯಾಯ.

ಪರೀಕ್ಷೆ ಯಾವಾಗ?

ಹೆಸರು ಹಿಡಿದು ಕರೆದರೂ ತಿರುಗದ, ಮೂರು ವರ್ಷವಾದರೂ ಎರಡು ಮೂರು ಪದ ಜೋಡಿಸಿ ಮಾತನಾಡದ ಮಗುವಿನ ಶ್ರವಣಶಕ್ತಿಯನ್ನು ಮೊದಲು ಪರೀಕ್ಷಿಸಬೇಕು. ಪದೇ ಪದೇ ನೆಗಡಿಯಾದರೆ ಕಿವಿಯ ಒಳಭಾಗದಲ್ಲಿ ದ್ರವ ನಿಂತು ಕೇಳಿಸುವುದು ಕಡಿಮೆಯಾಗಬಹುದು. ಮುಖ ಬಿಳಿಚಿ, ಸದಾ ಆಯಾಸಪಡುವ ಮಗುವಿಗೆ ರಕ್ತಹೀನತೆ ಇರಬಹುದು. ಅದರಿಂದಲೂ ಗಮನ ಕುಗ್ಗುತ್ತದೆ. 'ತಾನಾಗಿಯೇ ಸರಿಹೋಗುತ್ತದೆ' ಎಂದು ವರ್ಷಗಟ್ಟಲೆ ಕಾಯುವುದು ಸಲ್ಲದು. ಮಾತು ಕಲಿಯುವ ಕಾಲ ಮತ್ತೆ ಬರುವುದಿಲ್ಲ.

ಒಂದೆಲಗ, ಶಂಖಪುಷ್ಪಿಗಳನ್ನು ಮೇಧ್ಯ ದ್ರವ್ಯಗಳೆಂದು ಶಾಸ್ತ್ರ ಹೇಳಿರುವುದು ನಿಜ. ಆದರೆ ಕಿವಿ ಕೇಳದ ಮಗುವಿಗೆ ಅವು ಮಾತು ಕಲಿಸಲಾರವು. ನಿದ್ರೆಗೆಟ್ಟ ಮಗುವಿಗೆ ನಿದ್ರೆಯ ಬದಲಾಗಲಾರವು. ವೈದ್ಯರನ್ನು ಕೇಳದೆ ಅಂಗಡಿಯಿಂದ ತಂದು ಕುಡಿಸಬೇಡಿ.

ಆಟವೇ ಈ ವಯಸ್ಸಿನ ಕಾಯಕ. ದಿನಕ್ಕೆ ಅರ್ಧ ಗಂಟೆಯಾದರೂ ಮೊಬೈಲ್ ಬದಿಗಿಟ್ಟು ಮಗುವಿನ ಜೊತೆ ನೆಲದ ಮೇಲೆ ಕುಳಿತುಕೊಳ್ಳಿರೆಂದು ಸದ್ಭಕ್ತರಲ್ಲಿ ನಮ್ಮ ವಿನಂತಿ.