ಹಾಡಿಗೆ ಅಂಕ, ಅಂಕಕ್ಕೆ ಜಗಳ

ಬೀಟಲ್ಸ್ ತಂಡದ 'ಸಾರ್ಜೆಂಟ್ ಪೆಪ್ಪರ್ಸ್ ಲೋನ್ಲಿ ಹಾರ್ಟ್ಸ್ ಕ್ಲಬ್ ಬ್ಯಾಂಡ್' ಆಲ್ಬಂ ಹೊರಬಂದದ್ದು 1967ರಲ್ಲಿ. ಅಮೆರಿಕದ 'ರೋಲಿಂಗ್ ಸ್ಟೋನ್' ಪತ್ರಿಕೆ 2003ರಲ್ಲಿ ಸಾರ್ವಕಾಲಿಕ ಶ್ರೇಷ್ಠ 500 ಆಲ್ಬಂಗಳ ಪಟ್ಟಿ ಪ್ರಕಟಿಸಿದಾಗ ಮೊದಲ ಸ್ಥಾನ ಅದಕ್ಕೇ ಸಿಕ್ಕಿತು. 2012ರ ಪರಿಷ್ಕೃತ ಪಟ್ಟಿಯಲ್ಲೂ ಅದೇ ಮೊದಲು. 2020ರಲ್ಲಿ ಹೊಸದಾಗಿ ಮತ ಪಡೆದು ಪಟ್ಟಿ ಮಾಡಿದಾಗ ಮಾತ್ರ ಅದು 24ಕ್ಕೆ ಇಳಿದಿತ್ತು. ಆ ಎಂಟು ವರ್ಷಗಳಲ್ಲಿ ತಟ್ಟೆಯ ಮೇಲಿನ ಒಂದು ಗೆರೆಯೂ ಬದಲಾಗಿರಲಿಲ್ಲ. ಹಾಗಾದರೆ ಬದಲಾದದ್ದು ಏನು?

ಈ ಪ್ರಶ್ನೆ ಪತ್ರಿಕಾ ಕಚೇರಿಗಳಿಗೆ ಮಾತ್ರ ಸೇರಿದ್ದಲ್ಲ. ರಾಕ್ ಸಂಗೀತದ ಹುಚ್ಚು ಹತ್ತಿದ ಊರುಗಳಲ್ಲಿ ಆರೆಂಟು ಗೆಳೆಯರ ಸಣ್ಣ ಕೂಟಗಳು ಇದ್ದೇ ಇರುತ್ತವೆ. ಎಲ್ಲ ಕಡೆಯೂ ಕ್ರಮ ಹೆಚ್ಚು ಕಡಿಮೆ ಒಂದೇ. ಸರದಿಯ ಪ್ರಕಾರ ಒಬ್ಬರು ಒಂದು ಆಲ್ಬಂ ಆರಿಸಿ ತರುತ್ತಾರೆ. ಎಲ್ಲರೂ ಕೂತು ಕೇಳುತ್ತಾರೆ. ಹತ್ತಕ್ಕೆ ಇಷ್ಟು ಎಂದೋ, ಐದಕ್ಕೆ ಇಷ್ಟು ನಕ್ಷತ್ರ ಎಂದೋ ಅಂಕ ಕೊಡುತ್ತಾರೆ. ಆಮೇಲೆ ಜಗಳ ಶುರುವಾಗುತ್ತದೆ. ಹೊರಗಿನವರ ಕಣ್ಣಿಗೆ ಇದು ಕೆಲಸವಿಲ್ಲದವರ ಕಾಲಹರಣ. ಮಲ್ಲಿಕಾರ್ಜುನ ಮನ್ಸೂರರು ದೊಡ್ಡವರೋ ಭೀಮಸೇನ ಜೋಶಿಯವರು ದೊಡ್ಡವರೋ ಎಂದು ಚಹಾ ಆರುವವರೆಗೆ ವಾದಿಸಿದ ಧಾರವಾಡದ ಕಡೆಯವರಿಗೆ ಮಾತ್ರ ಇದು ಕೂಡಲೇ ಅರ್ಥವಾದೀತು. ಆದರೆ ಒಂದು ವ್ಯತ್ಯಾಸವಿದೆ. ಅಲ್ಲಿ ವಾದ ಗಾಯಕರ ಬಗ್ಗೆ, ಅಥವಾ ಒಂದು ರಾತ್ರಿಯ ಬೈಠಕ್ಕಿನ ಬಗ್ಗೆ. ಇಲ್ಲಿ ವಾದ ನಡೆಯುವುದು ಆಲ್ಬಂ ಎಂಬ ವಸ್ತುವಿನ ಬಗ್ಗೆ.

ಆ ವಸ್ತುವಿನ ಹುಟ್ಟೇ ಒಂದು ಕಥೆ. 78 ವೇಗದ ಹಳೆಯ ಗ್ರಾಮಫೋನ್ ತಟ್ಟೆಯ ಒಂದು ಮಗ್ಗುಲಲ್ಲಿ ಮೂರು ನಾಲ್ಕು ನಿಮಿಷದ ಸಂಗೀತ ಮಾತ್ರ ಹಿಡಿಯುತ್ತಿತ್ತು. ದೊಡ್ಡ ಕೃತಿಯಾದರೆ ಹಲವು ತಟ್ಟೆಗಳನ್ನು ಫೋಟೋ ಆಲ್ಬಂನಂಥ ರಟ್ಟಿನ ಪುಸ್ತಕದಲ್ಲಿ ಜೋಡಿಸಿ ಮಾರುತ್ತಿದ್ದರು. ಹೆಸರು ಬಂದದ್ದು ಅಲ್ಲಿಂದ. 1948ರಲ್ಲಿ ಅಮೆರಿಕದ ಕೊಲಂಬಿಯಾ ಕಂಪನಿ ನಿಮಿಷಕ್ಕೆ ಮೂವತ್ತಮೂರು ಚಿಲ್ಲರೆ ಸುತ್ತು ತಿರುಗುವ ಎಲ್.ಪಿ. ತಟ್ಟೆಯನ್ನು ಮಾರುಕಟ್ಟೆಗೆ ತಂದಿತು. ಮಗ್ಗುಲಿಗೆ ಇಪ್ಪತ್ತು ನಿಮಿಷಕ್ಕೂ ಹೆಚ್ಚು ಹೊತ್ತು ಸಿಕ್ಕಿತು. ಆದರೂ ಪಾಪ್ ಸಂಗೀತದವರಿಗೆ ಬಹಳ ವರ್ಷ ಅದು ಬಿಡಿ ಹಾಡುಗಳ ಗಂಟಾಗಿಯೇ ಉಳಿದಿತ್ತು. ಅರವತ್ತರ ದಶಕದ ನಡುಭಾಗದಲ್ಲಿ ಬಾಬ್ ಡೈಲನ್, ಬೀಚ್ ಬಾಯ್ಸ್, ಬೀಟಲ್ಸ್ ಮೊದಲಾದವರು ಇಡೀ ತಟ್ಟೆಯನ್ನು ಒಂದೇ ಕೃತಿಯೆಂದು ಕಟ್ಟತೊಡಗಿದರು. ಯಾವ ಹಾಡಿನ ನಂತರ ಯಾವುದು ಬರಬೇಕು, ಮೊದಲ ಮಗ್ಗುಲು ಎಲ್ಲಿ ನಿಲ್ಲಬೇಕು, ಹೊದಿಕೆಯ ಮೇಲೆ ಯಾವ ಚಿತ್ರವಿರಬೇಕು ಎಂಬುದೆಲ್ಲ ಸೃಷ್ಟಿಯ ಭಾಗವಾಯಿತು. ಸಾರ್ಜೆಂಟ್ ಪೆಪ್ಪರ್ ಹೊದಿಕೆಯ ಹಿಂಬದಿಯಲ್ಲಿ ಹಾಡುಗಳ ಸಾಹಿತ್ಯವನ್ನೇ ಅಚ್ಚು ಹಾಕಿದ್ದರು. ಕಾದಂಬರಿಯಂತೆ ಮೊದಲಿನಿಂದ ಕೊನೆಯವರೆಗೆ ಹಿಡಿದು ಕೂರಬೇಕಾದ ವಸ್ತುವೊಂದು ಸಿಕ್ಕಿದ ಮೇಲೆ ಅದಕ್ಕೆ ವಿಮರ್ಶೆಯೂ ಬೇಕಾಯಿತು.

'ರೋಲಿಂಗ್ ಸ್ಟೋನ್' ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ ಶುರುವಾದದ್ದೂ 1967ರಲ್ಲೇ. ಎರಡು ವರ್ಷದ ನಂತರ ನ್ಯೂಯಾರ್ಕಿನ 'ವಿಲೇಜ್ ವಾಯ್ಸ್' ವಾರಪತ್ರಿಕೆಯಲ್ಲಿ ರಾಬರ್ಟ್ ಕ್ರಿಸ್ಟ್‌ಗೌ ಎಂಬ ವಿಮರ್ಶಕ 'ಕನ್ಸ್ಯೂಮರ್ ಗೈಡ್' ಎಂಬ ಅಂಕಣ ಆರಂಭಿಸಿದ. ಒಂದೊಂದು ಆಲ್ಬಂಗೂ ನಾಲ್ಕಾರು ಸಾಲಿನ ಮಾತು, ಜೊತೆಗೆ ಶಾಲಾ ಮೇಷ್ಟ್ರ ಹಾಗೆ ಎ, ಬಿ, ಸಿ ಎಂಬ ಗ್ರೇಡು. ಹೆಸರೇ ಹೇಳುವಂತೆ ಇದು ಗ್ರಾಹಕರಿಗಾಗಿ ಬರೆದದ್ದು. ಎಲ್.ಪಿ. ತಟ್ಟೆ ಅಗ್ಗದ ವಸ್ತುವಾಗಿರಲಿಲ್ಲ. ತಿಂಗಳಿಗೆ ಒಂದೋ ಎರಡೋ ಕೊಳ್ಳಬಲ್ಲ ಹುಡುಗನ ದುಡ್ಡು ದಂಡವಾಗಬಾರದು. ಕಲೆಗೆ ಅಂಕ ಕೊಡುವುದೇ ಅಸಂಬದ್ಧ ಎಂದು ಮೂಗು ಮುರಿಯುವವರು ಈ ಮೂಲವನ್ನು ಮರೆಯುತ್ತಾರೆ. ಅಂಕದ ಹಿಂದೆ ಇದ್ದದ್ದು ಪಾಂಡಿತ್ಯದ ಅಹಂಕಾರಕ್ಕಿಂತ ಹೆಚ್ಚಾಗಿ ಜೇಬಿನ ಚಿಂತೆ.

ಅಂಕ ಕೊಟ್ಟವರು ಎಡವಿದ್ದಕ್ಕೂ ಲೆಕ್ಕವಿಲ್ಲ. ಲೆಡ್ ಜೆಪ್ಪೆಲಿನ್ ತಂಡದ ಮೊದಲ ಆಲ್ಬಂ 1969ರಲ್ಲಿ ಬಂದಾಗ 'ರೋಲಿಂಗ್ ಸ್ಟೋನ್' ಅದನ್ನು ಹಿಗ್ಗಾಮುಗ್ಗಾ ಟೀಕಿಸಿತು. 2003ರಲ್ಲಿ ಅದೇ ಪತ್ರಿಕೆಯ ಪಟ್ಟಿಯಲ್ಲಿ ಆ ಆಲ್ಬಂಗೆ 29ನೆಯ ಸ್ಥಾನ. ಹೆವಿ ಮೆಟಲ್ ಪ್ರಕಾರಕ್ಕೆ ಅಡಿಪಾಯ ಹಾಕಿತೆಂದು ಈಗ ಎಲ್ಲರೂ ಒಪ್ಪುವ ಬ್ಲ್ಯಾಕ್ ಸಬಾತ್‌ನ ಮೊದಲ ಆಲ್ಬಂಗೂ 1970ರಲ್ಲಿ ಇದೇ ಗತಿಯಾಯಿತು. ಅದನ್ನು ಹಳಿದವನು ಲೆಸ್ಟರ್ ಬ್ಯಾಂಗ್ಸ್, ರಾಕ್ ವಿಮರ್ಶೆಯಲ್ಲಿ ಬಹು ದೊಡ್ಡ ಹೆಸರು. 1967ರಲ್ಲಿ ಬಂದ 'ದ ವೆಲ್ವೆಟ್ ಅಂಡರ್‌ಗ್ರೌಂಡ್ ಅಂಡ್ ನಿಕೋ' ಆಲ್ಬಂ ಕೊಂಡವರು ಆಗ ಕಡಿಮೆ. 2003ರ ಪಟ್ಟಿಯಲ್ಲಿ ಅದಕ್ಕೆ 13ನೆಯ ಸ್ಥಾನ. ಇದೇ ಬ್ಯಾಂಗ್ಸ್ ಎಂಸಿ ಫೈವ್ ತಂಡದ ಮೊದಲ ಆಲ್ಬಂ ಅನ್ನು 1969ರಲ್ಲಿ ತಿರಸ್ಕರಿಸಿ, ನಂತರ ಅದರ ಅಭಿಮಾನಿಯಾಗಿ ಬದಲಾದ. ಇದನ್ನು ಅವನ ದೌರ್ಬಲ್ಯ ಎನ್ನುವವರಿದ್ದಾರೆ. ಈ ಲೇಖಕನಿಗೆ ಹಾಗೆ ಅನಿಸುವುದಿಲ್ಲ. ಮೊದಲ ಸಲ ಕೇಳಿದಾಗ ಕಿವಿಗೆ ಸಿಕ್ಕದ್ದು ಹತ್ತನೆಯ ಸಲ ಸಿಕ್ಕರೆ ಅದನ್ನು ಒಪ್ಪಿಕೊಳ್ಳಲು ಧೈರ್ಯ ಬೇಕು. ಗೆಳೆಯರ ಕೂಟದಲ್ಲಂತೂ ಇನ್ನೂ ಹೆಚ್ಚು ಬೇಕು. ಅಲ್ಲಿ ಹಳೆಯ ಅಂಕವನ್ನು ಯಾರೂ ಮರೆಯುವುದಿಲ್ಲ.

ಈಗ ಮೊದಲ ಪ್ರಶ್ನೆಗೆ ಬರೋಣ. 2003ರ ಪಟ್ಟಿಗೆ ಮತ ಹಾಕಿದವರು 270ಕ್ಕೂ ಹೆಚ್ಚು ಸಂಗೀತಗಾರರು, ವಿಮರ್ಶಕರು, ಕಂಪನಿಗಳವರು. ಆಗ ಮೊದಲ ಹತ್ತರಲ್ಲಿ ನಾಲ್ಕು ಆಲ್ಬಂ ಬೀಟಲ್ಸ್‌ನವು, ಎರಡು ಡೈಲನ್‌ನವು. ಹೆಣ್ಣುಮಕ್ಕಳ ಆಲ್ಬಂ ಒಂದೂ ಇರಲಿಲ್ಲ. ಕರಿಯ ಕಲಾವಿದರದು ಒಂದೇ, ಮಾರ್ವಿನ್ ಗೇಯ 'ವಾಟ್ಸ್ ಗೋಯಿಂಗ್ ಆನ್', ಆರನೆಯ ಸ್ಥಾನದಲ್ಲಿ. 2020ರಲ್ಲಿ ಪತ್ರಿಕೆ ಬೇರೆಯೇ 300ಕ್ಕೂ ಹೆಚ್ಚು ಮಂದಿಯನ್ನು ಕೇಳಿತು. ಬಿಯಾನ್ಸೆ, ಟೇಲರ್ ಸ್ವಿಫ್ಟ್, ಇನ್ನೂ ಹತ್ತೊಂಬತ್ತು ತುಂಬದ ಬಿಲ್ಲಿ ಐಲಿಶ್ ಅವರಲ್ಲಿದ್ದರು. ಮಾರ್ವಿನ್ ಗೇ ಮೊದಲ ಸ್ಥಾನಕ್ಕೆ ಏರಿದ. 2003ರಲ್ಲಿ 30ನೆಯದಾಗಿದ್ದ ಜೋನಿ ಮಿಚೆಲ್‌ಳ 'ಬ್ಲೂ' ಮೂರಕ್ಕೆ ಬಂತು. ಸ್ಟೀವಿ ವಂಡರ್, ಪ್ರಿನ್ಸ್, ಲಾರಿನ್ ಹಿಲ್ ಮೊದಲ ಹತ್ತರೊಳಗೆ ಬಂದರು. ಬೀಟಲ್ಸ್‌ಗೆ ಅಲ್ಲಿ ಉಳಿದದ್ದು ಒಂದೇ ಜಾಗ, 'ಆಬ್ಬಿ ರೋಡ್'ಗೆ. ಇದು ನ್ಯಾಯವೆಂದು ಕೆಲವರು ಸಂತೋಷಪಟ್ಟರೆ, ಕಾಲಕ್ಕೆ ತಕ್ಕ ವೇಷವೆಂದು ಕೆಲವರು ಸಿಟ್ಟಾದರು. ಎರಡೂ ಮಾತಿನಲ್ಲಿ ಸ್ವಲ್ಪ ಹುರುಳಿದೆ. ಒಂದು ಮಾತು ಮಾತ್ರ ಸ್ಪಷ್ಟ: 2003ರ ಪಟ್ಟಿಯೂ ಆಕಾಶದಿಂದ ಇಳಿದದ್ದಾಗಿರಲಿಲ್ಲ. ಅದೂ ಒಂದು ಕೋಣೆಯಲ್ಲಿ ಯಾರನ್ನು ಕೂರಿಸಿದ್ದರು ಎಂಬುದರ ಫಲವೇ. ನಿಕ್ ಹಾರ್ನ್‌ಬಿ 1995ರಲ್ಲಿ ಬರೆದ 'ಹೈ ಫಿಡೆಲಿಟಿ' ಕಾದಂಬರಿಯಲ್ಲಿ ಲಂಡನ್ನಿನ ರೆಕಾರ್ಡ್ ಅಂಗಡಿಯ ಗಂಡಸರು ಹೊತ್ತು ಹೋಗದೆ 'ಮೊದಲ ಐದು' ಪಟ್ಟಿ ಮಾಡುತ್ತ ಕೂರುತ್ತಾರೆ. ನಗು ಬರುತ್ತದೆ ನಿಜ. ದೊಡ್ಡ ಪತ್ರಿಕೆಗಳ ಕೋಣೆಯೂ ಬಹುಕಾಲ ಅದಕ್ಕಿಂತ ತೀರಾ ಬೇರೆಯಾಗಿರಲಿಲ್ಲ.

ಕೂಟಗಳಲ್ಲಿ ಅಂಕದ ಗಣಿತವೂ ಜಗಳಕ್ಕೆ ಕಾರಣ. ಎಂಟು ಜನರಿದ್ದಾರೆ ಎನ್ನಿ. ಒಂದು ಆಲ್ಬಂಗೆ ಎಂಟೂ ಜನ ಆರಾರು ಅಂಕ ಕೊಟ್ಟರು. ಇನ್ನೊಂದಕ್ಕೆ ನಾಲ್ವರು ಹತ್ತು, ನಾಲ್ವರು ಎರಡು ಕೊಟ್ಟರು. ಸರಾಸರಿ ಎರಡಕ್ಕೂ ಆರೇ. ಆದರೆ ಮೊದಲನೆಯದನ್ನು ಮುಂದಿನ ವಾರ ಯಾರೂ ನೆನೆಯುವುದಿಲ್ಲ, ಎರಡನೆಯದರ ಮೇಲೆ ವರ್ಷಗಟ್ಟಲೆ ಮಾತು ನಡೆಯುತ್ತದೆ. 'ವಿಲೇಜ್ ವಾಯ್ಸ್' ಹಲವು ವರ್ಷ ನಡೆಸಿದ 'ಪಾಜ್ ಅಂಡ್ ಜಾಪ್' ಎಂಬ ವಿಮರ್ಶಕರ ಮತದಾನದಲ್ಲಿ ಇದಕ್ಕೊಂದು ಉಪಾಯವಿತ್ತು. ಪ್ರತಿಯೊಬ್ಬರಿಗೂ 100 ಅಂಕ. ಅದನ್ನು ಹತ್ತು ಆಲ್ಬಂಗಳಿಗೆ ಹಂಚಬೇಕು. ಯಾವುದಕ್ಕೂ 30ಕ್ಕಿಂತ ಹೆಚ್ಚು, 5ಕ್ಕಿಂತ ಕಡಿಮೆ ಕೊಡುವಂತಿಲ್ಲ. ಒಂದಕ್ಕೆ ಧಾರಾಳವಾದರೆ ಇನ್ನೊಂದಕ್ಕೆ ಕೈ ಬಿಗಿಯಲೇಬೇಕು. ತಿಂಗಳ ಸಂಬಳ ಹಂಚುವ ಗೃಹಸ್ಥರಿಗೆ ಇದರ ಕಷ್ಟ ವಿವರಿಸಬೇಕಿಲ್ಲ.

ಅಂಕದ ಗೊಡವೆಯೇ ಬೇಡವೆಂದವರೂ ಇದ್ದಾರೆ. ಕಾಲೀನ್ ಮರ್ಫಿ ಎಂಬ ಅಮೆರಿಕದ ಡಿಸ್ಕ್ ಜಾಕಿ 2010ರಲ್ಲಿ ಲಂಡನ್ನಿನಲ್ಲಿ 'ಕ್ಲಾಸಿಕ್ ಆಲ್ಬಂ ಸಂಡೇಸ್' ಎಂಬ ಕೂಟ ಆರಂಭಿಸಿದರು. ಒಳ್ಳೆಯ ಉಪಕರಣದಲ್ಲಿ ಒಂದು ಆಲ್ಬಂನ ತಟ್ಟೆಯನ್ನು ಮೊದಲಿನಿಂದ ಕೊನೆಯವರೆಗೆ ಹಾಕುತ್ತಾರೆ. ಅದು ಮುಗಿಯುವವರೆಗೆ ಮಾತಿಲ್ಲ, ಮೊಬೈಲ್ ಬಂದ್. ಬಳಿಕ ಬೇಕಾದಷ್ಟು ಮಾತಾಡಬಹುದು. ಹಾಡನ್ನು ಬೆರಳಿನಿಂದ ಸರಿಸುತ್ತ ಹೋಗುವ ಈ ಕಾಲದಲ್ಲಿ ನಲವತ್ತು ನಿಮಿಷ ಸುಮ್ಮನೆ ಕೂರುವುದೇ ಒಂದು ವ್ರತದಂತೆ ಕಾಣುತ್ತದೆ. ಈ ಕೂಟ ಅನೇಕ ದೇಶಗಳಿಗೆ ಹರಡಿತು.

ಬೆಂಗಳೂರಿಗೂ ಈ ಹುಚ್ಚು ಹೊಸದಲ್ಲ. ಎಂಬತ್ತು, ತೊಂಬತ್ತರ ದಶಕಗಳಲ್ಲಿ ಇಲ್ಲಿನ ರಾಕ್ ಪ್ರೇಮಿಗಳ ಆಸ್ತಿಯೆಂದರೆ ಕ್ಯಾಸೆಟ್. 90 ನಿಮಿಷದ ಖಾಲಿ ಕ್ಯಾಸೆಟ್ಟಿನ ಒಂದೊಂದು ಮಗ್ಗುಲಿಗೆ ಒಂದೊಂದು ಎಲ್.ಪಿ. ಸರಿಯಾಗಿ ಹಿಡಿಯುತ್ತಿತ್ತು. ತಟ್ಟೆ ಕೊಂಚ ಉದ್ದವಾಗಿದ್ದರೆ ಕೊನೆಯ ಹಾಡು ನಡುವೆಯೇ ಕತ್ತರಿಸಿ ಹೋಗುತ್ತಿತ್ತು. ಅಂಥ ಪ್ರತಿಯನ್ನೇ ಕೇಳಿ ಬೆಳೆದವರು ಆ ಆಲ್ಬಂಗೆ ಅಂಕ ಕೊಡುವಾಗ ಕೊನೆಯ ಹಾಡಿನ ಅರ್ಧವನ್ನು ಲೆಕ್ಕಕ್ಕೇ ತೆಗೆದುಕೊಂಡಿರಲಾರರು! ಓದಲು ಕಲ್ಕತ್ತೆಯ 'ಜೂನಿಯರ್ ಸ್ಟೇಟ್ಸ್‌ಮನ್' 1977ರವರೆಗೆ ಇತ್ತು. 1993ರಲ್ಲಿ ಅಲಹಾಬಾದಿನಿಂದ 'ರಾಕ್ ಸ್ಟ್ರೀಟ್ ಜರ್ನಲ್' ಹೊರಟಿತು. ಮುಂದೆ ಅರಮನೆ ಮೈದಾನಕ್ಕೆ 2003ರಲ್ಲಿ ರೋಲಿಂಗ್ ಸ್ಟೋನ್ಸ್, 2007ರಲ್ಲಿ ಐರನ್ ಮೇಡನ್, 2011ರಲ್ಲಿ ಮೆಟಾಲಿಕಾ ತಂಡಗಳೇ ಬಂದವು. ವಿಮರ್ಶಕರ ಪಟ್ಟಿಗಳಲ್ಲಿ ಬಹುಕಾಲ ಹಿಂದಿನ ಬೆಂಚಿನಲ್ಲಿ ಕೂತಿದ್ದ ಹೆವಿ ಮೆಟಲ್‌ಗೆ ಇಲ್ಲಿ ಮುಂದಿನ ಸಾಲು ಸಿಕ್ಕಿತು. ನ್ಯೂಯಾರ್ಕಿನ ಗ್ರೇಡು ಏನೇ ಇರಲಿ, ಬೆಂಗಳೂರಿನ ಹುಡುಗರು ತಮ್ಮ ಅಂಕವನ್ನು ಬೇರೆಯೇ ಹಾಕಿಕೊಂಡಿದ್ದರು.

ಭಾರತದ ಕಿವಿಗೆ ಬೇರೆಯಾಗಿ ಕೇಳುವ ಹಾಡೊಂದು ಸಾರ್ಜೆಂಟ್ ಪೆಪ್ಪರ್‌ನಲ್ಲೂ ಇದೆ. ಎರಡನೆಯ ಮಗ್ಗುಲು ಶುರುವಾಗುವುದೇ ಜಾರ್ಜ್ ಹ್ಯಾರಿಸನ್‌ನ 'ವಿದಿನ್ ಯೂ ವಿದೌಟ್ ಯೂ' ಹಾಡಿನಿಂದ. ತಂಬೂರಿ, ತಬಲಾ, ದಿಲ್‌ರುಬಾ, ಸ್ವರಮಂಡಲ ಇರುವ ಐದು ನಿಮಿಷದ ಈ ಹಾಡಿನಲ್ಲಿ ಬೀಟಲ್ಸ್‌ನ ಉಳಿದ ಮೂವರು ಇಲ್ಲವೇ ಇಲ್ಲ. ನುಡಿಸಿದವರು ಲಂಡನ್ನಿನಲ್ಲಿದ್ದ ಭಾರತೀಯ ಕಲಾವಿದರು ಮತ್ತು ಪಾಶ್ಚಾತ್ಯ ತಂತಿವಾದ್ಯದವರು. ಇಡೀ ಆಲ್ಬಂನ ಎತ್ತರವೇ ಇದು ಎಂದು ಒಬ್ಬರು ಹತ್ತಕ್ಕೆ ಹತ್ತು ಕೊಟ್ಟರೆ, ಇನ್ನೊಬ್ಬರಿಗೆ ಇದು ಎದ್ದು ಹೋಗಿ ಚಹಾ ಮಾಡಿಕೊಂಡು ಬರುವ ಹೊತ್ತು. ಹಾಡು ಮುಗಿಯುತ್ತಿದ್ದಂತೆ ಜನರ ಗುಂಪೊಂದು ನಗುವ ಸದ್ದು ಕೇಳಿಸುತ್ತದೆ. ಹ್ಯಾರಿಸನ್ ತಾನೇ ಬಯಸಿ ಸೇರಿಸಿದ ನಗು ಅದು. ನಗುತ್ತಿರುವುದು ಗಂಭೀರವಾಗಿ ಕೇಳುತ್ತ ಕೂತವರನ್ನು ನೋಡಿಯೋ, ಚಹಾ ಲೋಟ ಹಿಡಿದು ಆಗಷ್ಟೇ ಒಳಗೆ ಬಂದವರನ್ನು ನೋಡಿಯೋ ಎಂಬುದಕ್ಕೆ ಇನ್ನೊಂದು ಸುತ್ತು ವಾದ ನಡೆಯುತ್ತದೆ.