ಸ್ಪೀಕರಿನ ‘ಗುಂಯ್’ ಸದ್ದು ಮತ್ತು ಲೀನಿಯರ್ ಪವರ್ ಸಪ್ಲೈ

ರಾತ್ರಿ ಊಟವಾದ ಮೇಲೆ ಶ್ರೀಕೃಷ್ಣ ಪಾರಿಜಾತ ಆಟದ ಹಳೆಯ ರೆಕಾರ್ಡಿಂಗ್ ಹಚ್ಚುತ್ತೀರಿ. ಪದ ಶುರುವಾಗುವ ಮೊದಲೇ ಸ್ಪೀಕರಿನಲ್ಲಿ ‘ಗುಂಯ್’ ಎಂಬ ಸದ್ದು. ಹಾರ್ಮೋನಿಯಂ ನಿಂತ ಕಡೆಯೆಲ್ಲ ಅದೇ ಕೇಳುತ್ತದೆ. ಕುಲಗೋಡ ತಮ್ಮಣ್ಣ ನಮ್ಮ ಸೀಮೆಯಲ್ಲೇ ಕಟ್ಟಿದ ಪದಗಳನ್ನು ಹೀಗೆ ಕೇಳಬೇಕಾದರೆ ನನಗಂತೂ ಸಂಕಟವಾಗುತ್ತದೆ. ಯಾರಾದರೂ ತಿಳಿದವರು, ‘ಲೀನಿಯರ್ ಪವರ್ ಸಪ್ಲೈ ಹಾಕ್ರಿ, ಹೋಗ್ತದ’ ಅನ್ನುತ್ತಾರೆ. ಹೋಗಬಹುದು. ಆದರೆ ಗೋಕಾಕ, ಮೂಡಲಗಿ, ಹುಕ್ಕೇರಿಯ ಹಳ್ಳಿಗಳಲ್ಲಿ ಅದನ್ನು ಸರಿಯಾಗಿ ಆರಿಸದಿದ್ದರೆ ಗುಂಯ್ ಸದ್ದು ಮೊದಲಿಗಿಂತ ಜಾಸ್ತಿಯಾಗುವುದೂ ಉಂಟು.

ಈ ಲೀನಿಯರ್ ಸಪ್ಲೈ ಎಂದರೇನು? ನಿಮ್ಮ ಬ್ಲೂಟೂತ್ ಬೋರ್ಡು, ಪ್ರೀ-ಆಂಪ್ಲಿಫೈಯರ್, ಅಥವಾ ಡಿಜಿಟಲ್ ಹಾಡನ್ನು ಸ್ಪೀಕರಿಗೆ ತಕ್ಕ ಸಂಕೇತವಾಗಿಸುವ ಡ್ಯಾಕ್ ಪೆಟ್ಟಿಗೆ, ಇವೆಲ್ಲ ಸಾಮಾನ್ಯವಾಗಿ 5 ಅಥವಾ 12 ವೋಲ್ಟ್ ಡಿಸಿ ಕರೆಂಟಿನಲ್ಲಿ ನಡೆಯುತ್ತವೆ. ಮನೆಗೆ ಬರುವುದು 230 ವೋಲ್ಟ್ ಎಸಿ. ನಡುವೆ ಒಂದು ಅಡಾಪ್ಟರ್ ಬೇಕು. ಈಗ ಎಲ್ಲ ಕಡೆ ಸಿಗುವ ಹಗುರವಾದ ಅಡಾಪ್ಟರ್ ಎಸ್‌ಎಂಪಿಎಸ್ ಜಾತಿಯದು. ಅದು ಕರೆಂಟನ್ನು ಸೆಕೆಂಡಿಗೆ ಹತ್ತಾರು ಸಾವಿರ ಸಲ ಕಡಿದು ಜೋಡಿಸುತ್ತದೆ. ಆ ಕೆಲಸದ ಗದ್ದಲ ಅಗ್ಗದ ಅಡಾಪ್ಟರುಗಳಲ್ಲಿ ತಂತಿಯ ಮೂಲಕ ಹಾಡಿನೊಳಗೂ ನುಸುಳುತ್ತದೆ. ಲೀನಿಯರ್ ಸಪ್ಲೈ ಹಳೆಯ ಕಾಲದ ದಾರಿ. ಭಾರ ಜಾಸ್ತಿ, ಬಿಸಿ ಜಾಸ್ತಿ, ಗದ್ದಲ ಕಡಿಮೆ.

ಅದರ ಮುಚ್ಚಳ ತೆಗೆದರೆ ನಾಲ್ಕು ಅಂಗಗಳು ಕಾಣುತ್ತವೆ. ತಾಮ್ರದ ತಂತಿ ಸುತ್ತಿದ ಟ್ರಾನ್ಸ್‌ಫಾರ್ಮರ್ 230 ವೋಲ್ಟನ್ನು 15ಕ್ಕೋ 18ಕ್ಕೋ ಇಳಿಸುತ್ತದೆ. ನಾಲ್ಕು ಡಯೋಡುಗಳು ಎಸಿಯನ್ನು ಒಂದೇ ದಿಕ್ಕಿಗೆ ತಿರುಗಿಸುತ್ತವೆ. ಡಬ್ಬಿಯಂಥ ಕೆಪ್ಯಾಸಿಟರ್ ನೀರಿನ ತೊಟ್ಟಿಯ ಹಾಗೆ ಕರೆಂಟನ್ನು ತುಂಬಿಟ್ಟುಕೊಂಡು ಏರಿಳಿತ ತಗ್ಗಿಸುತ್ತದೆ. ಕೊನೆಗೆ 7812ರಂಥ ರೆಗ್ಯುಲೇಟರ್ ಐಸಿ ಉಳಿದ ಅಲೆಯನ್ನು ತಡೆದು ನಿಖರವಾಗಿ 12 ವೋಲ್ಟ್ ಕೊಡುತ್ತದೆ. ನಮ್ಮ ಕರೆಂಟಿನ ಬಡಿತ ಸೆಕೆಂಡಿಗೆ 50. ಡಯೋಡು ದಾಟಿದ ಮೇಲೆ ಅದು 100. ನೀವು ಕೇಳುವ ಗುಂಯ್ ಸದ್ದು ಬಹಳ ಸಲ ಈ 100ರದೇ. ತಂಬೂರಿಯ ಖರ್ಜದ ತಂತಿಯ ಆಸುಪಾಸಿನಲ್ಲೇ ಅದೂ ಇರುವುದರಿಂದ ಕಿವಿಗೆ ಇನ್ನಷ್ಟು ಕಿರಿಕಿರಿ.

ಈಗ ಮುಖ್ಯ ಮಾತು. 7812 ಐಸಿಗೆ 12 ವೋಲ್ಟ್ ಕೊಡಲು ಒಳಗೆ ಕನಿಷ್ಠ ಸುಮಾರು 14 ವೋಲ್ಟ್ ಬರುತ್ತಿರಬೇಕು. ಅಂಗಡಿಯವರು ಸಾಮಾನ್ಯವಾಗಿ 15 ವೋಲ್ಟ್ ಟ್ರಾನ್ಸ್‌ಫಾರ್ಮರ್ ಕೊಡುತ್ತಾರೆ. ಮನೆಯಲ್ಲಿ 230 ಇದ್ದಾಗ ಅದು ಸಾಕು. ನಿಮ್ಮ ಮನೆ ಲೈನಿನ ಕೊನೆಯಲ್ಲಿದೆ, ಸಂಜೆ ಮೀಟರ್ 180 ತೋರಿಸುತ್ತದೆ ಎಂದುಕೊಳ್ಳಿ. 15 ವೋಲ್ಟಿನ ಟ್ರಾನ್ಸ್‌ಫಾರ್ಮರ್ ಆಗ 11.7 ಕೊಡುತ್ತದೆ. ಆ ಎಸಿ ಅಲೆಯ ತುದಿ 16.5, ಡಯೋಡುಗಳು ತಿಂದು ಉಳಿಯುವುದು 15. ಉಪಕರಣ ಒಂದು ಆಂಪಿಯರ್ ಎಳೆದರೆ 4700 ಮೈಕ್ರೋಫ್ಯಾರಡ್ ಕೆಪ್ಯಾಸಿಟರಿನಲ್ಲಿ ಪ್ರತಿ ಬಡಿತಕ್ಕೂ ಇನ್ನು 2 ವೋಲ್ಟ್ ಇಳಿತ. ಉಳಿದದ್ದು 13! ಐಸಿ ಕೈಚೆಲ್ಲುತ್ತದೆ, ಅಲೆ ನೇರವಾಗಿ ಸ್ಪೀಕರಿಗೆ ಹೋಗುತ್ತದೆ. ಎಸ್‌ಎಂಪಿಎಸ್ ಅಡಾಪ್ಟರಿನ ಮೇಲೆ ‘100–240’ ಎಂದು ಬರೆದಿರುತ್ತದೆ, ನೋಡಿ. ಅದಕ್ಕೆ 180 ಒಂದು ಲೆಕ್ಕವೇ ಅಲ್ಲ.

ಆದ್ದರಿಂದ ಒಂದು ವಾರ, ಸಂಜೆ ಮತ್ತು ಪಂಪ್‌ಸೆಟ್ ನಡೆಯುವ ಹೊತ್ತಿನಲ್ಲಿ, ಮಲ್ಟಿಮೀಟರಿನಿಂದ ವೋಲ್ಟೇಜ್ ಬರೆದಿಡಿ. 200ರ ಕೆಳಗೆ ಇಳಿಯುತ್ತಿದ್ದರೆ 18 ವೋಲ್ಟಿನ ಟ್ರಾನ್ಸ್‌ಫಾರ್ಮರ್ ಕೇಳಿ. ಕೆಪ್ಯಾಸಿಟರ್ 50 ವೋಲ್ಟ್ ಸಹಿಸುವಂಥದಿರಲಿ. ಇದಕ್ಕೆ ತೆರಬೇಕಾದ ಬೆಲೆ ಬಿಸಿ. ವೋಲ್ಟೇಜ್ 230 ಇದ್ದಾಗ ಒಂದು ಆಂಪಿಯರಿಗೆ ಸುಮಾರು 11 ವ್ಯಾಟ್ ಬಿಸಿ ಐಸಿಯಲ್ಲೇ ಹುಟ್ಟುತ್ತದೆ. ಅಂಗೈಯಗಲದ, ರೆಕ್ಕೆಗಳಿರುವ ಹೀಟ್ ಸಿಂಕ್, ಅಂದರೆ ಬಿಸಿ ಹೀರುವ ಅಲ್ಯೂಮಿನಿಯಂ ತುಂಡು, ಇರಲೇಬೇಕು. ಪೆಟ್ಟಿಗೆಗೆ ಗಾಳಿಯಾಡಲಿ, ಮೇಲೆ ಬಟ್ಟೆ ಹೊದಿಸಬೇಡಿ.

ಇನ್ವರ್ಟರ್ ಮೇಲೆ ನಡೆಯುತ್ತದೆಯೇ? ಸೈನ್ ವೇವ್ ಇನ್ವರ್ಟರ್ ಆದರೆ ಚಿಂತೆಯಿಲ್ಲ. ಸ್ಕ್ವೇರ್ ವೇವ್‌ನಲ್ಲಿ ವೋಲ್ಟೇಜಿನ ತುದಿ ಅಷ್ಟು ಎತ್ತರ ಏರುವುದಿಲ್ಲ, ಟ್ರಾನ್ಸ್‌ಫಾರ್ಮರೂ ಗುಂಯ್‌ಗುಡುತ್ತದೆ.

ದುಡ್ಡು ಬಿಚ್ಚುವ ಮುನ್ನ ಇನ್ನೊಂದು ಪರೀಕ್ಷೆ ಮಾಡಿ. ನಿಮ್ಮ ಉಪಕರಣ 12 ವೋಲ್ಟಿನದಾದರೆ ಸಣ್ಣ 12 ವೋಲ್ಟ್ ಬ್ಯಾಟರಿಗೆ ಫ್ಯೂಸ್ ಸೇರಿಸಿ ಸ್ವಲ್ಪ ಹೊತ್ತು ನಡೆಸಿ. ತುಂಬಿದ ಬ್ಯಾಟರಿ 12.6ಕ್ಕಿಂತ ತುಸು ಹೆಚ್ಚೇ ತೋರಿಸಬಹುದು. ಉಪಕರಣಕ್ಕೆ ಅದು ಒಪ್ಪುತ್ತದೆಯೇ ಎಂದು ನೋಡಿಕೊಳ್ಳಿ. ಪ್ಲಸ್, ಮೈನಸ್ ಅದಲುಬದಲಾಗದಿರಲಿ. ಗುಂಯ್ ಸದ್ದು ನಿಂತರೆ ತಪ್ಪು ಬಹುತೇಕ ಅಡಾಪ್ಟರಿನದು. ನಿಲ್ಲದಿದ್ದರೆ ವೈರಿನದೋ ಅರ್ಥಿಂಗಿನದೋ ಆಂಪ್ಲಿಫೈಯರಿನದೋ. ಲೀನಿಯರ್ ಸಪ್ಲೈ ತಂದರೂ ಅದು ಹೋಗದು.

ಖರ್ಚೆಷ್ಟು? ಬಿಡಿಭಾಗ ತಂದು ಪರಿಚಿತ ಟಿವಿ ರಿಪೇರಿಯವರಿಂದ ಕಟ್ಟಿಸಿದರೆ ಪೆಟ್ಟಿಗೆ ಸೇರಿ ಅಂದಾಜು ಸಾವಿರದಿಂದ ಎರಡು ಸಾವಿರ ರೂಪಾಯಿ. ಐಸಿಗೆ ಹತ್ತಿಪ್ಪತ್ತು ರೂಪಾಯಿ ಅಷ್ಟೇ, ದುಡ್ಡೆಲ್ಲ ತಾಮ್ರಕ್ಕೆ. ಪ್ರಯೋಗಾಲಯದಲ್ಲಿ ಬಳಸುವ, ವೋಲ್ಟೇಜ್ ತಿರುವುವ ಲೀನಿಯರ್ ಸಪ್ಲೈಗೆ ಕೆಲವು ಸಾವಿರ ಬೇಕು. ಅದೂ ಒಳ್ಳೆಯದೇ, ಆದರೆ ಮಕ್ಕಳು ಗುಂಡಿ ತಿರುಗಿಸಿದರೆ 12ರ ಉಪಕರಣಕ್ಕೆ 24 ಹೋಗಿ ಸುಟ್ಟೀತು. ಆಡಿಯೋಕ್ಕೆಂದೇ ಮಾರುವ ವಿದೇಶಿ ಪೆಟ್ಟಿಗೆಗಳು ಹತ್ತಾರು ಸಾವಿರ ಮುಟ್ಟುತ್ತವೆ. ಮನೆಯ ಸಾಧಾರಣ ಸೆಟ್ಟಿಗೆ ಅವು ಬೇಡವೆಂದೇ ನನ್ನ ಸಲಹೆ.

ಟ್ರಾನ್ಸ್‌ಫಾರ್ಮರ್ ಮತ್ತು ಐಸಿಗಳನ್ನು ಬೆಳಗಾವಿ, ಹುಬ್ಬಳ್ಳಿಯ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ವಿಚಾರಿಸಿ. ಬೆಂಗಳೂರಿಗೆ ಹೋಗುವವರಿದ್ದರೆ ಎಸ್.ಪಿ. ರೋಡ್ ಇದೆ. ಸರಿಯಾದ ಅಳತೆ ಸಿಗದಿದ್ದರೆ ಮೋಟಾರ್ ರಿವೈಂಡಿಂಗ್ ಮಾಡುವವರನ್ನು ಕೇಳಿ ನೋಡಿ; ಕೆಲವರು ಟ್ರಾನ್ಸ್‌ಫಾರ್ಮರನ್ನೂ ಸುತ್ತಿಕೊಡುತ್ತಾರೆ. ಉಪಕರಣದ ಹಿಂದೆ ಬರೆದ ಆಂಪಿಯರಿನ ಒಂದೂವರೆಪಟ್ಟಾದರೂ ಟ್ರಾನ್ಸ್‌ಫಾರ್ಮರಿಗೆ ಇರಲಿ. ಲೋಹದ ಪೆಟ್ಟಿಗೆಯಾದರೆ ಮೂರು ಪಿನ್ನಿನ ವೈರು, ಅರ್ಥಿಂಗ್, 230ರ ಕಡೆಗೆ ಫ್ಯೂಸ್, ಈ ಮೂರನ್ನು ಬಿಡಲೇಬೇಡಿ.

ವೋಲ್ಟೇಜ್ ದಿನವೂ 216ಕ್ಕಿಂತ ಕೆಳಗಿದ್ದರೆ, ಅಂದರೆ ಶೇ. 6ಕ್ಕಿಂತ ಹೆಚ್ಚು ಇಳಿದಿದ್ದರೆ, ಅದು ಲೈನಿನ ದೋಷ. ಗೋಕಾಕ, ಮೂಡಲಗಿಯವರು ಹೆಸ್ಕಾಂಗೆ ದೂರು ಕೊಡಿ. ಹುಕ್ಕೇರಿ ತಾಲೂಕಿನವರು 1969ರಲ್ಲಿ ಶುರುವಾದ ತಮ್ಮದೇ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘಕ್ಕೆ ಕೊಡಬೇಕು. ಹೋಗುವಾಗ ಆ ವಾರದ ಮೀಟರ್ ಲೆಕ್ಕ ಬರೆದ ಹಾಳೆ ಕಿಸೆಯಲ್ಲಿರಲಿ.